ತೋಟದ ಮಣ್ಣುರಸ್ತೆಯಲ್ಲಿ ಓಡುವ ಕಾರಿನ ಏರ್ ಫಿಲ್ಟರ್ ಎಷ್ಟು ಕಾಲ ಬಾಳುತ್ತದೆ?

ಪ್ರಶ್ನೆ: ಸಿದ್ದಾಪುರದಿಂದ

ನಮ್ಮ ಮನೆ ಕೊಡಗಿನ ಸಿದ್ದಾಪುರದ ಬಳಿ ತೋಟದೊಳಗಿದೆ. ಡಾಂಬರು ರಸ್ತೆಗೆ ಸೇರಬೇಕಾದರೆ ದಿನವೂ ಮೂರು ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಹೋಗಿ ಬರಬೇಕು. ಕಾರು ಪೆಟ್ರೋಲಿನದು, ಫ್ಯುಯೆಲ್ ಇಂಜೆಕ್ಷನ್ ಇರುವ ಸಣ್ಣ ಗಾಡಿ. ಎಂಜಿನ್ನಿನ ಏರ್ ಫಿಲ್ಟರ್ ಹಾಕಿಸಿ 17,000 ಕಿಲೋಮೀಟರ್ ಆಯಿತು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ 40,000ಕ್ಕೆ ಬದಲಿಸಬೇಕೆಂದಿದೆ. ಸರ್ವಿಸಿಗೆ ಬಿಟ್ಟ ಕಡೆ 10,000ಕ್ಕೊಮ್ಮೆ ಹೊಸದು ಹಾಕಲೇಬೇಕು ಎನ್ನುತ್ತಾರೆ. ಪಕ್ಕದ ತೋಟದವರು ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಊದಿಸಿಕೊಂಡು ವರ್ಷಗಟ್ಟಲೆ ಒಂದನ್ನೇ ಓಡಿಸುತ್ತಿದ್ದಾರೆ. ಈ ಸಲ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ, ಚೆಟ್ಟಳ್ಳಿ ದಾರಿಯಲ್ಲಿ ಮಡಿಕೇರಿಗೆ ಏರುವಾಗ ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಗಾಡಿಯನ್ನು ಎರಡಕ್ಕೆ ಇಳಿಸಬೇಕಾಗುತ್ತಿದೆ. ಆದರೆ ಮೈಲೇಜ್ ಮೊದಲಿನಷ್ಟೇ ಇದೆ. ಫಿಲ್ಟರ್ ಕಟ್ಟಿಕೊಂಡಿದ್ದರೆ ಮೈಲೇಜ್ ಬೀಳಬೇಕಲ್ಲವೇ? ಯಾರ ಮಾತು ಕೇಳಲಿ?

ಉತ್ತರ: ಗೋಣಿಕೊಪ್ಪಲಿನಿಂದ

ಮೈಲೇಜಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಬೇಕಾದುದಕ್ಕಿಂತ ಹೆಚ್ಚಾಗಿ ಇಂಧನ ಸುಮ್ಮನೆ ಉರಿದುಹೋಗುತ್ತಿತ್ತು. ನಿಮ್ಮದರಂತೆ ಫ್ಯುಯೆಲ್ ಇಂಜೆಕ್ಷನ್ ಇರುವ ಇಂದಿನ ಗಾಡಿಗಳಲ್ಲಿ ಒಳಗೆ ಬರುವ ಗಾಳಿಯ ಲೆಕ್ಕವನ್ನು ಸೆನ್ಸರುಗಳು ಹಿಡಿಯುತ್ತವೆ. ಗಾಳಿ ಕಡಿಮೆಯಾದರೆ ಪೆಟ್ರೋಲನ್ನೂ ಕಂಪ್ಯೂಟರ್ ಅಷ್ಟೇ ಕಡಿಮೆ ಮಾಡುತ್ತದೆ. ಹೀಗಾಗಿ ಮೈಲೇಜ್ ಹೆಚ್ಚೇನೂ ಬೀಳುವುದಿಲ್ಲ, ಬೀಳುವುದು ಎಳೆತ. ಅದೂ ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಏರಿನಲ್ಲಿ ಮಾತ್ರ ಗೊತ್ತಾಗುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳಿದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಇಷ್ಟೂ ಗಾಳಿ ಆ ಒಂದು ಕಾಗದದ ಮಡಿಕೆಗಳ ಮೂಲಕವೇ ಹಾದುಹೋಗಬೇಕು. ಸಮುದ್ರಮಟ್ಟಕ್ಕೆ ಹೋಲಿಸಿದರೆ ಮಡಿಕೇರಿಯ ಎತ್ತರದಲ್ಲಿ ಗಾಳಿಯೇ ನೂರಕ್ಕೆ ಹತ್ತರಷ್ಟು ತೆಳುವಾಗಿರುವುದರಿಂದ, ಕಟ್ಟಿಕೊಂಡ ಫಿಲ್ಟರ್ ಅಲ್ಲಿ ಬೇಗ ಬಯಲಾಗುತ್ತದೆ.

ಪುಸ್ತಕದ 40,000 ಸುಳ್ಳಲ್ಲ, ಆದರೆ ಅದು ಡಾಂಬರು ರಸ್ತೆಯ ಲೆಕ್ಕ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಸಾಮಾನ್ಯವಾಗಿ ಅದೇ ಪುಸ್ತಕದಲ್ಲಿ ಬೇರೆ ಪಟ್ಟಿ ಇರುತ್ತದೆ, ದಯವಿಟ್ಟು ಹುಡುಕಿ ಓದಿ. ಹತ್ತು ಸಾವಿರಕ್ಕೆ ಬಿಚ್ಚಿ ನೋಡಬೇಕೆಂಬುದು ಸರಿಯೇ, ಆದರೆ ನೋಡುವುದು ಬೇರೆ, ಬದಲಿಸುವುದು ಬೇರೆ.

ನಮ್ಮ ಜಿಲ್ಲೆಯಲ್ಲಿ ನಾನು ಕಿಲೋಮೀಟರಿಗಿಂತ ಕಾಲವನ್ನು ನಂಬುತ್ತೇನೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕುಯ್ಲಿನ ಓಡಾಟ, ಕಾಫಿ ಚೀಲ ತುಂಬಿದ ಜೀಪು, ಪಿಕಪ್ಪುಗಳ ಹಿಂದೆ ಏಳುವ ಕೆಂಪು ಧೂಳು. ಜೂನ್ ಬಂದರೆ ತಿಂಗಳುಗಟ್ಟಲೆ ಆರದ ತೇವ. ಧೂಳು ತುಂಬಿದ ಕಾಗದಕ್ಕೆ ಆ ತೇವ ತಗುಲಿದರೆ ಮಡಿಕೆಗಳ ನಡುವೆ ಧೂಳು ಕೆಸರಿನಂತೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ರಸ್ತೆಯ ಧೂಳು ಅಡಗಿದ ಮೇಲೆ, ಮುಂಗಾರಿಗೆ ಮೊದಲು, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬದಲಿಸಿಬಿಡುವುದು ನನ್ನ ಪದ್ಧತಿ. ನಿಮ್ಮದು 17,000 ಓಡಿದೆ, ಏರಿನಲ್ಲಿ ಎಳೆತವೂ ಇಳಿದಿದೆ; ಇನ್ನು ಕಾಯಬೇಡಿ.

ಕಂಪ್ರೆಸರಿನ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ: ಬೇಡ. ಟಯರಿಗೆ ತುಂಬುವ ಒತ್ತಡದ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಗದದ ನಾರು ಸಡಿಲವಾಗಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ನಮ್ಮ ಮಣ್ಣಿನ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಅವು ಸಿಲಿಂಡರಿಗೆ ಇಳಿದರೆ ಪಿಸ್ಟನ್ ರಿಂಗುಗಳನ್ನು ಉಜ್ಜುಕಾಗದದಂತೆ ಸವೆಸುತ್ತವೆ. ತೀರಾ ಬೇಕೆನಿಸಿದರೆ ನೆಲಕ್ಕೆ ಮೆಲ್ಲಗೆ ಕುಟ್ಟಿ ಬೀಳುವಷ್ಟು ಧೂಳು ಬೀಳಿಸಿ, ಸಾಕು. ಕಾಗದದ ಫಿಲ್ಟರನ್ನು ತೊಳೆಯಲೇಬಾರದು. ಇನ್ನೊಂದು ಮಾತು: ತೆಳುವಾಗಿ ಧೂಳು ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಏಕೆಂದರೆ ಆ ಧೂಳಿನ ಪದರವೇ ಇನ್ನಷ್ಟು ಸಣ್ಣ ಕಣಗಳನ್ನು ತಡೆಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ನೋಡುವುದರಿಂದ ಲಾಭವಿಲ್ಲ.

ಬದಲಿಸುವುದು ಹತ್ತು ನಿಮಿಷದ ಕೆಲಸ. ಎಂಜಿನ್ ತಣ್ಣಗಾದ ಮೇಲೆ ಡಬ್ಬಿಯ ಕ್ಲಿಪ್ಪುಗಳನ್ನೋ ಸ್ಕ್ರೂಗಳನ್ನೋ ಬಿಚ್ಚಿ, ಹಳೆಯದು ಯಾವ ಮುಖ ಮೇಲಾಗಿ ಕೂತಿತ್ತೆಂದು ನೋಡಿಕೊಂಡು ಎತ್ತಿ. ಎಂಜಿನ್ ಕಡೆಗೆ ಹೋಗುವ ಕೊಳವೆಯ ಬಾಯಿಗೆ ಒಂದು ಬಟ್ಟೆ ತುರುಕಿ, ಡಬ್ಬಿಯ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಆ ಬಟ್ಟೆಯನ್ನು ಮರೆಯದೆ ತೆಗೆಯಿರಿ. ಹೊಸ ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಕಾಲುವೆಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿಯೇ ಮುಚ್ಚಿ.

ಉತ್ತರ: ಸೋಮವಾರಪೇಟೆಯಿಂದ

ತೋಟದ ಮನೆಯವರು ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಳೆದ ಮಳೆಗಾಲದಲ್ಲಿ ಎರಡು ವಾರ ನಿಲ್ಲಿಸಿದ್ದ ನಮ್ಮ ಗಾಡಿಯ ಫಿಲ್ಟರ್ ಡಬ್ಬಿ ತೆರೆದರೆ, ಒಳಗೆ ಹರಿದ ಗೋಣಿನಾರು, ಒಣಹುಲ್ಲು ಮತ್ತು ಒಂದು ಹಿಡಿ ಕಾಫಿ ಬೀಜ. ಕಾಗದವನ್ನು ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ಕಡಿದಿತ್ತು. ಅಂಥದ್ದನ್ನು ಎಷ್ಟೇ ಹೊಸದಾಗಿದ್ದರೂ ಎಸೆಯಲೇಬೇಕು. ಹಳೆಯ ಬಿಲ್ಲನ್ನೂ ಒಮ್ಮೆ ನೋಡಿ: ಡ್ಯಾಶ್‌ಬೋರ್ಡಿನ ಹಿಂದಿರುವ ಎಸಿ ಫಿಲ್ಟರ್ ಬದಲಿಸಿದ್ದನ್ನೇ ಎಂಜಿನ್ನಿನದೆಂದು ತಿಳಿದುಕೊಂಡವರಿದ್ದಾರೆ.

ಪ್ರಶ್ನೆ ಕೇಳಿದವರಿಂದ

ಬಿಲ್ ನೋಡಿದೆ, ಎಂಜಿನ್ನಿನದೇ. ಇಂದು ಬೆಳಿಗ್ಗೆ ನಾನೇ ಬಿಚ್ಚಿದೆ. ಮಡಿಕೆಗಳ ತುಂಬ ಕೆಂಪು ಧೂಳು. ಟಾರ್ಚನ್ನು ಹಿಂದೆ ಹಿಡಿದರೆ ಬೆಳಕು ಬರಲೇ ಇಲ್ಲ. ಹೊಸದು ಹಾಕಿ ಚೆಟ್ಟಳ್ಳಿಯ ಏರಿನಲ್ಲಿ ಓಡಿಸಿದೆ, ಮೂರನೇ ಗೇರು ಸಾಕಾಯಿತು. ಆದರೆ ಒಂದು ಚಿಂತೆ ಹತ್ತಿದೆ. ಹಳೆಯದರ ರಬ್ಬರ್ ಅಂಚು ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಅಲ್ಲಿಂದ ಕೊಳವೆಯ ಬಾಯಿಯವರೆಗೆ, ಶುದ್ಧ ಗಾಳಿ ಇರಬೇಕಾದ ಭಾಗದಲ್ಲಿ, ಬೆರಳಗಲದ ಕೆಂಪು ಗೆರೆ ಕಂಡಿತು.

ಉತ್ತರ: ಗೋಣಿಕೊಪ್ಪಲಿನಿಂದ

ಆ ಗೆರೆ ಎಂದರೆ ಸೋಸದ ಗಾಳಿ ಸ್ವಲ್ಪ ಕಾಲ ಒಳಗೆ ಹೋಗಿದೆ ಎಂದರ್ಥ. ಕೊಳವೆಯೊಳಗೆ ಕೈಗೆಟುಕುವಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊದಬೇಡಿ. ದಾರಿಯಲ್ಲಿ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದನ್ನು ಮುಟ್ಟಲೇಬೇಡಿ. ಮುಂದಿನ ಸರ್ವಿಸಿಗೆ ಕಾಯದೆ ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಈಗಲೇ ಬದಲಿಸಿ, ಒಳಗೆ ಇಳಿದ ಮರಳಿನ ಒಂದಷ್ಟು ಭಾಗ ಆಯಿಲಿನಲ್ಲೇ ತಿರುಗುತ್ತಿರುತ್ತದೆ. ಆಮೇಲೆ 1,000 ಕಿಲೋಮೀಟರಿಗೊಮ್ಮೆ ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲಿನ ಮಟ್ಟ ನೋಡುತ್ತಿರಿ. ಆಯಿಲ್ ಇಳಿಯದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣದೆ ಇದ್ದರೆ ರಿಂಗುಗಳು ಸವೆದಿರುವ ಸಂಭವ ಕಡಿಮೆ.