ಬರೀ ಥರ್ಡ್ ಪಾರ್ಟಿ ಸಾಕಾ, ಫುಲ್ ಇನ್ಶೂರೆನ್ಸ್ ಬೇಕಾ?

ತುಂಗಾತೀರ:
ನಮಸ್ಕಾರ. ನನ್ನದು 998 ಸಿಸಿ ವ್ಯಾಗನ್ ಆರ್, ನಾಲ್ಕು ವರ್ಷ ಆಯ್ತು, ಒಂದು ಕ್ಲೈಮೂ ಮಾಡಿಲ್ಲ. ಈ ತಿಂಗಳ ಕೊನೆಗೆ ಪಾಲಿಸಿ ಮುಗಿಯುತ್ತದೆ. ಬರೀ ಥರ್ಡ್ ಪಾರ್ಟಿಗೆ 2,094 ರೂಪಾಯಿ ಮತ್ತು ಟ್ಯಾಕ್ಸ್, ಫುಲ್ ಮಾಡಿಸಿದರೆ ಏಳು ಸಾವಿರದ ಹತ್ತಿರ, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ಕವರ್) ಸೇರಿಸಿದರೆ ಇನ್ನೂ ಜಾಸ್ತಿ ಅಂತಾರೆ. ಮನೆ, ಆಫೀಸು, ತಿಂಗಳಿಗೊಮ್ಮೆ ತೀರ್ಥಹಳ್ಳಿ, ಅಷ್ಟೇ ಓಡಾಟ. ಸುಮ್ನೆ ಯಾಕೆ ಅಷ್ಟು ಕಟ್ಟಬೇಕು ಅನಿಸುತ್ತಿದೆ. ತಿಳಿದವರು ಹೇಳಿ.

ಹಳೇಗಾಡಿ:
ಸರ್, ಥರ್ಡ್ ಪಾರ್ಟಿ ಇರುವುದು ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಯಾರಿಗಾದರೂ ಪೆಟ್ಟಾದರೆ, ಜೀವ ಹೋದರೆ ಪರಿಹಾರಕ್ಕೆ ಮಿತಿ ಇಲ್ಲ. ಆಸ್ತಿ ಹಾಳಾದರೆ 7.5 ಲಕ್ಷದವರೆಗೆ. ಅದಿಲ್ಲದೆ ಗಾಡಿ ರಸ್ತೆಗೆ ಇಳಿಸುವ ಹಾಗೇ ಇಲ್ಲ. ಆದರೆ ನಿಮ್ಮ ಕಾರಿಗೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಮರ ಬೀಳುವುದು ನೀವೇ ನೋಡಿರ್ತೀರಿ ಅಲ್ವಾ? ಮರ, ಕಳವು, ಬೆಂಕಿ, ನೆರೆ, ಗುದ್ದಿದ್ದು, ಇದಕ್ಕೆಲ್ಲ ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿನ ನಷ್ಟಕ್ಕೇ ಇರುವ ಕವರ್ ಬೇಕು. ಎರಡೂ ಸೇರಿದ್ದನ್ನೇ ಫುಲ್ ಇನ್ಶೂರೆನ್ಸ್ ಅನ್ನುವುದು. ನಾಲ್ಕು ವರ್ಷದ ಕಾರಿಗೆ ಖಂಡಿತ ಮಾಡಿಸಿ. ಮಾಲೀಕರಿಗೆ 15 ಲಕ್ಷದ ಅಪಘಾತ ಕವರ್ ಕೂಡ ಬಿಲ್‌ನಲ್ಲಿ ಇರುತ್ತದೆ, ಬೇರೆ ಕಡೆ ಅಷ್ಟರದ್ದು ಮೊದಲೇ ಇದ್ದರೆ ಅದನ್ನು ಬಿಡಿಸಬಹುದು.

ಕಾಫಿತೋಟ:
ನನ್ನ ಅನುಭವ ಹೇಳುತ್ತೇನೆ. ರಿವರ್ಸ್ ತೆಗೆಯುವಾಗ ಗೇಟಿನ ಕಲ್ಲುಕಂಬಕ್ಕೆ ತಾಗಿ ಹಿಂದಿನ ಬಂಪರ್ ಸೀಳಿತು. ಬಂಪರ್ 6,000. ಪ್ಲಾಸ್ಟಿಕ್‌ಗೆ ಅರ್ಧ ಸವಕಳಿ ಅಂತ 3,000 ಕಳೆದರು, ಅದರ ಮೇಲೆ ನಾವೇ ಕಟ್ಟಬೇಕಾದ 1,000. ಕೈಗೆ ಬಂದಿದ್ದು 2,000. ಆ ಎರಡು ಸಾವಿರಕ್ಕಾಗಿ 35% ಇದ್ದ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆ ಆಯ್ತು! ಸಣ್ಣಪುಟ್ಟದ್ದಕ್ಕೆ ದಯವಿಟ್ಟು ಕ್ಲೈಮ್ ಮಾಡಬೇಡಿ, ಮೊದಲು ಲೆಕ್ಕ ಹಾಕಿ. ಝೀರೋ ಡೆಪ್ ಇದ್ದಿದ್ದರೆ ಆ 3,000 ಕಂಪನಿಯೇ ಕೊಡುತ್ತಿತ್ತು. ರಬ್ಬರ್, ಬ್ಯಾಟರಿಗೂ ಹೀಗೇ ಅರ್ಧ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ. ಐದು ವರ್ಷ ದಾಟಿದರೆ ಕೆಲವು ಕಂಪನಿಗಳು ಝೀರೋ ಡೆಪ್ ಕೊಡುವುದಿಲ್ಲ, ಹಾಗಾಗಿ ಈ ವರ್ಷ ಹಾಕಿಸಿಕೊಳ್ಳಿ.

ಸರ್ಜಾಪುರ ರೋಡ್:
ಎಂಜಿನ್ ಪ್ರೊಟೆಕ್ಷನ್ ಅನ್ನುವ ಹೆಚ್ಚುವರಿ ಕವರ್ ಬಗ್ಗೆ ಯಾರೂ ಹೇಳಲಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಬೇಸ್‌ಮೆಂಟಿಗೆ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು. ಪಕ್ಕದ ಮನೆಯವರು ನೀರು ಇಳಿದ ಮೇಲೆ ಆತುರದಲ್ಲಿ ಸ್ಟಾರ್ಟ್ ಮಾಡಿದರು. ನೀರು ಒಳಗೆ ಎಳೆದುಕೊಂಡು ಎಂಜಿನ್ ಜಾಮ್. ಫುಲ್ ಇನ್ಶೂರೆನ್ಸ್ ಇದ್ದರೂ ಎಂಜಿನ್‌ಗೆ ದುಡ್ಡು ಬರಲಿಲ್ಲ, ಸೀಟು ಮತ್ತು ವೈರಿಂಗ್‌ಗೆ ಮಾತ್ರ ಬಂತು. ನೀರು ನಿಂತ ಕಾರಿಗೆ ಕೀ ತಿರುಗಿಸಲೇಬೇಡಿ, ಫೋಟೋ ತೆಗೆದು ಕಂಪನಿಗೆ ಫೋನ್ ಮಾಡಿ, ಟೋ ಮಾಡಿಸಿ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಫುಲ್ ಮತ್ತು ಝೀರೋ ಡೆಪ್ ಮಾಡಿಸುತ್ತೇನೆ. ಎರಡು ವಾರ ತಡವಾದರೆ ನನ್ನ 45% ಬೋನಸ್ ಹೋಗುತ್ತದಾ?

ಹಳೇಗಾಡಿ:
90 ದಿನದೊಳಗೆ ಮಾಡಿಸಿದರೆ ಬೋನಸ್ ಉಳಿಯುತ್ತದೆ. ಆದರೆ ಆ ಎರಡು ವಾರ ಕಾರಿಗೆ ಯಾವ ಕವರೂ ಇರುವುದಿಲ್ಲ, ಆಮೇಲೆ ಗಾಡಿ ತಪಾಸಣೆಯನ್ನೂ ಕೇಳುತ್ತಾರೆ. ಮುಗಿಯುವ ಮೊದಲೇ ಕಟ್ಟಿಬಿಡಿ ಸರ್. ಮತ್ತೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, ಎಷ್ಟು ಹಾಕಿದ್ದಾರೆ ನೋಡಿ, ಪ್ರೀಮಿಯಂ ಕಡಿಮೆ ಕಾಣಲಿ ಅಂತ ಅದನ್ನು ಇಳಿಸಿರುತ್ತಾರೆ. ಕಾರು ಕಳುವಾದರೆ ಸಿಗುವುದು ಅಷ್ಟೇ.