ಬಿಲ್ ಅನುಮೋದನೆಯ ವರ್ಕ್‌ಫ್ಲೋಗೆ ಒಟ್ಟಾರೆ ಗಡುವು ಇಡುವುದು ಹೇಗೆ?

ಪ್ರಶ್ನೆ
ನಮ್ಮ ಕಾರ್ಖಾನೆಯಲ್ಲಿ ಸರಬರಾಜುದಾರರ ಬಿಲ್ಲುಗಳು ಕಮುಂಡಾ 7 ಎಂಬ, ಕೆಲಸದ ಹಂತಗಳನ್ನು ನಡೆಸುವ ತಂತ್ರಾಂಶದಲ್ಲಿ ರೂಪಿಸಿದ ವರ್ಕ್‌ಫ್ಲೋ ಮೂಲಕ ಸ್ಟೋರ್ಸ್, ವಿಭಾಗದ ಮುಖ್ಯಸ್ಥರು, ಅಕೌಂಟ್ಸ್ ಎಂಬ ಕ್ರಮದಲ್ಲಿ ಸಾಗುತ್ತವೆ. ಪ್ರತಿ ಹಂತಕ್ಕೂ ಮೂರು ದಿನಗಳ ಟೈಮರ್ ಇದೆ. ಆದರೆ ದರವೋ ಪ್ರಮಾಣವೋ ತಾಳೆಯಾಗದೆ ಬಿಲ್ಲು ಹಿಂದಕ್ಕೆ ಹೋದಾಗಲೆಲ್ಲ ಆ ಹಂತದ ಟೈಮರ್ ಹೊಸದಾಗಿ ಶುರುವಾಗುವುದರಿಂದ, ಯಾರಿಗೂ ಒಂದು ಎಚ್ಚರಿಕೆಯೂ ಹೋಗದೆ ಬಿಲ್ಲು ಒಂದೂವರೆ ತಿಂಗಳು ದಾಟಿಬಿಡುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕಾದ್ದರಿಂದ ಇಡೀ ಪ್ರಕ್ರಿಯೆಗೆ ಒಂದೇ ಗಡುವು ಬೇಕಾಗಿದೆ. ಅದನ್ನು ಎಲ್ಲಿ ಇಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1
ಬಿಲ್ಲು ಎಷ್ಟು ಸಲ ಹಿಂದಕ್ಕೆ ಬಂದೀತೆಂದು ಮೊದಲೇ ಹೇಳಲಾಗದ ಕಾರಣ, ಹಂತಗಳ ಟೈಮರುಗಳನ್ನು ಎಷ್ಟು ಬಿಗಿ ಮಾಡಿದರೂ ಒಟ್ಟು ಗಡುವು ಸಿಗುವುದಿಲ್ಲ. ಪ್ರಕ್ರಿಯೆಯ ಮಟ್ಟದಲ್ಲೇ ಟೈಮರ್‌ನಿಂದ ಆರಂಭವಾಗುವ ಒಂದು ಈವೆಂಟ್ ಸಬ್‌ಪ್ರೊಸೆಸ್ (ಹಂತಗಳ ಸರಣಿಯ ಹೊರಗಿದ್ದು, ಗೊತ್ತುಮಾಡಿದ ಘಟನೆ ನಡೆದಾಗ ಮಾತ್ರ ಓಡುವ ಉಪಪ್ರಕ್ರಿಯೆ) ಇಡಿ. ಒಳಗೆ ಬಿಲ್ಲು ಎಷ್ಟು ಸುತ್ತು ಹೊಡೆದರೂ ಆ ಟೈಮರ್ ಮತ್ತೆ ಮೊದಲಿನಿಂದ ಎಣಿಸುವುದಿಲ್ಲ. ಅದು ‘ನಾನ್-ಇಂಟರಪ್ಟಿಂಗ್’ (ನಡೆಯುತ್ತಿರುವ ಕೆಲಸವನ್ನು ನಿಲ್ಲಿಸದಂಥದ್ದು) ಆಗಿರಲಿ. ಇಲ್ಲವಾದರೆ ಗಡುವು ಮೀರಿದ ಕೂಡಲೇ ಬಾಕಿ ಕೆಲಸಗಳೆಲ್ಲ ರದ್ದಾಗುತ್ತವೆ, ಕೊಡಬೇಕಾದ ಹಣ ಮಾತ್ರ ಹಾಗೆಯೇ ಉಳಿಯುತ್ತದೆ.

ಟೈಮರ್‌ಗೆ ಅವಧಿಯನ್ನು ಕೊಡಬೇಡಿ, ಗಡುವಿನ ದಿನಾಂಕವನ್ನೇ ವೇರಿಯಬಲ್ (ಪ್ರತಿ ಬಿಲ್ಲಿನ ಪ್ರಕ್ರಿಯೆಯ ಜೊತೆ ಉಳಿಯುವ ಮಾಹಿತಿ) ಮೂಲಕ ಕೊಡಿ. ಆ ವೇರಿಯಬಲ್ ಪ್ರಕ್ರಿಯೆಯನ್ನು ಆರಂಭಿಸುವ ಕರೆಯ ಜೊತೆಗೇ ಬರಬೇಕು. ಮೊದಲ ಸರ್ವಿಸ್ ಟಾಸ್ಕ್‌ನಲ್ಲಿ (ತಂತ್ರಾಂಶವೇ ತಾನಾಗಿ ಮಾಡುವ ಹಂತದಲ್ಲಿ) ಲೆಕ್ಕ ಹಾಕೋಣವೆಂದರೆ ಟೈಮರ್ ಅದಕ್ಕೂ ಮುಂಚೆಯೇ ಅದನ್ನು ಹುಡುಕಿ, ಸಿಗದೆ, ಪ್ರಕ್ರಿಯೆ ಶುರುವೇ ಆಗುವುದಿಲ್ಲ.

ಉತ್ತರ 2
ಲೆಕ್ಕಪತ್ರದ ಕಡೆಯಿಂದ ಒಂದು ಮಾತು: ದಿನಗಳನ್ನು ಎಲ್ಲಿಂದ ಎಣಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ 15ನೇ ಕಲಮಿನ ಪ್ರಕಾರ, ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಪಾವತಿಸಬೇಕು, ಆದರೆ ಆ ದಿನ ಸರಕು ಸ್ವೀಕರಿಸಿದಂದಿನಿಂದ 45 ದಿನಗಳನ್ನು ಮೀರುವಂತಿಲ್ಲ; ಒಪ್ಪಂದವೇ ಇಲ್ಲದಿದ್ದರೆ ಸಿಗುವುದು 15 ದಿನ ಮಾತ್ರ. ಬಿಲ್ಲು ವರ್ಕ್‌ಫ್ಲೋಗೆ ಬಂದ ದಿನಕ್ಕೆ ಇಲ್ಲಿ ಬೆಲೆಯಿಲ್ಲ. ಜಿಆರ್‌ಎನ್ (ಸರಕು ಸ್ವೀಕೃತಿ ಚೀಟಿ) ತಡವಾಗಿ ಮಾಡುವ ರೂಢಿ ನಿಮ್ಮಲ್ಲಿದ್ದರೆ (ಎಲ್ಲಿ ಇಲ್ಲ ಹೇಳಿ!) ಗೇಟ್ ಎಂಟ್ರಿಯ ದಿನಾಂಕವೇ ಸುರಕ್ಷಿತ.

ಸರಕು ತಲುಪಿದ 15 ದಿನಗಳೊಳಗೆ ನೀವು ಲಿಖಿತ ಆಕ್ಷೇಪ ಸಲ್ಲಿಸಿದ್ದರೆ, ಸರಬರಾಜುದಾರರು ಅದನ್ನು ನಿವಾರಿಸಿದ ದಿನದಿಂದ ಎಣಿಕೆ ಆರಂಭವಾಗುತ್ತದೆ. ನಿಮ್ಮ ಗುಮಾಸ್ತರು ಪರದೆಯ ಮೇಲೆ ‘ವಾಪಸ್’ ಒತ್ತಿದ ಮಾತ್ರಕ್ಕೆ ಅದು ಅಂಥ ಆಕ್ಷೇಪವಾಗುವುದಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ತೆರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಹಾಗಾದರೆ ಆಕ್ಷೇಪ ಬಗೆಹರಿದ ಮೇಲೆ ಗಡುವನ್ನು ಮುಂದಕ್ಕೆ ಹಾಕುವುದು ಹೇಗೆ? ಈಗಾಗಲೇ ನಡೆಯುತ್ತಿರುವ ಬಿಲ್ಲುಗಳ ಗತಿಯೇನು?

ಉತ್ತರ 1 ಬರೆದವರು
ವೇರಿಯಬಲ್ ಬದಲಿಸಿದರೆ ಸಾಲದು, ಏಕೆಂದರೆ ಟೈಮರ್ ಹುಟ್ಟುವಾಗಲೇ ದಿನಾಂಕ ಅದರ ಜಾಬ್‌ನಲ್ಲಿ (ಮುಂದೆ ಓಡಿಸಬೇಕಾದ ಕೆಲಸವೆಂದು ತಂತ್ರಾಂಶ ಇಟ್ಟುಕೊಳ್ಳುವ ದಾಖಲೆಯಲ್ಲಿ) ದಾಖಲಾಗಿರುತ್ತದೆ. ರೆಸ್ಟ್ ಎಪಿಐ (ಹೊರಗಿನಿಂದ ತಂತ್ರಾಂಶಕ್ಕೆ ಆದೇಶ ಕಳುಹಿಸುವ ದಾರಿ) ಮೂಲಕ ಆ ಜಾಬ್‌ನ ಡ್ಯೂ ಡೇಟನ್ನೇ ತಿದ್ದಬೇಕು. ಈ ಅಧಿಕಾರ ಅಕೌಂಟ್ಸ್ ಮುಖ್ಯಸ್ಥರಿಗಷ್ಟೇ ಇರಲಿ, ಇಲ್ಲವಾದರೆ ತಡಮಾಡಿದವರೇ ಗಡುವನ್ನೂ ಮುಂದೂಡುತ್ತಾರೆ. ನಡೆಯುತ್ತಿರುವ ಬಿಲ್ಲುಗಳು, ಹೊಸ ಆವೃತ್ತಿಯನ್ನು ಡಿಪ್ಲಾಯ್ ಮಾಡಿದರೂ, ಹಳೆಯ ನಕ್ಷೆಯಲ್ಲೇ ಮುಂದುವರಿಯುತ್ತವೆ. ಅವುಗಳನ್ನು ಹೊಸ ಆವೃತ್ತಿಗೆ ಮೈಗ್ರೇಟ್ ಮಾಡಿ (ವರ್ಗಾಯಿಸಿ), ಅಥವಾ ಸಂಖ್ಯೆ ಕಡಿಮೆಯಿದ್ದರೆ ಪಟ್ಟಿ ತೆಗೆದು ಕೈಯಲ್ಲೇ ಮುಗಿಸಿ. ಯಾವುದಾದರೂ ಬಿಲ್ಲನ್ನು ಸಸ್ಪೆಂಡ್ ಮಾಡಿಟ್ಟಿದ್ದರೆ (ತಾತ್ಕಾಲಿಕವಾಗಿ ತಡೆಹಿಡಿದಿದ್ದರೆ) ಅದರ ಟೈಮರ್ ಗಡುವು ಮೀರಿದರೂ ಓಡುವುದಿಲ್ಲವಾದ್ದರಿಂದ, ಅಂಥವನ್ನು ವಾರಕ್ಕೊಮ್ಮೆ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.