ಲಡಾಖ್‌ಗೆ ಹೊರಟವರ ಪ್ರಶ್ನೆ, ಡಾಕ್ಟರ್ ಉತ್ತರ

ಮಂಜು: ಡಾಕ್ಟ್ರೇ, ಶನಿವಾರ ವಿಮಾನದಲ್ಲಿ ಲೇಹ್, ಭಾನುವಾರ ಪ್ಯಾಂಗಾಂಗ್ ಸರೋವರದ ಹತ್ರ ಟೆಂಟಲ್ಲಿ ರಾತ್ರಿ. ಪರವಾಗಿಲ್ವಾ?

ಡಾಕ್ಟರ್: ಬೇಡ. ಅಷ್ಟು ಬೇಗ ಎತ್ತರಕ್ಕೆ ಹೋದರೆ ಮೈ ಒಗ್ಗಲ್ಲ. ಲೇಹ್ 3,500 ಮೀಟರ್, ಪ್ಯಾಂಗಾಂಗ್ 4,200ಕ್ಕೂ ಮೇಲೆ. ಲೇಹ್‌ನಲ್ಲಿ ಎರಡು ರಾತ್ರಿ ಸುಮ್ಮನಿರಿ. ಆಮೇಲೆ ನುಬ್ರಾ ಕಣಿವೆ (ಅಲ್ಲಿನ ಹುಂಡರ್ ಊರು ಲೇಹ್‌ಗಿಂತ ತಗ್ಗು), ಕೊನೆಗೆ ಪ್ಯಾಂಗಾಂಗ್.

ಸವಿತಾ: ಎತ್ತರದ ಕಾಯಿಲೆ ಬರದ ಹಾಗೆ ಡೈಯಾಮಾಕ್ಸ್ ಮಾತ್ರೆ ಎಷ್ಟು ತಗೋಬೇಕು ಸಾರ್?

ಡಾಕ್ಟರ್: ದೊಡ್ಡವರಿಗೆ 125 ಮಿ.ಗ್ರಾಂ, ದಿನಕ್ಕೆರಡು ಸಲ. ಹೊರಡುವ ಹಿಂದಿನ ದಿನ ಶುರು, ತಲುಪಿದ ಮೇಲೆ ಎರಡು ದಿನ. 250ರ ಮಾತ್ರೆ ಆದರೆ ಅರ್ಧ ಮಾಡಿ. ಬೆರಳು ಜುಮ್ಮೆನ್ನುತ್ತೆ, ಸೋಡಾ ಸಪ್ಪೆ ಅನಿಸುತ್ತೆ, ಹೆದರಬೇಡಿ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು ನಿಮ್ಮ ವೈದ್ಯರನ್ನ ಕೇಳದೆ ಮುಟ್ಟಬೇಡಿ.

ಪ್ರಶಾಂತ: ಫಾರ್ವರ್ಡ್ ಬಂದಿದೆ. ಕರ್ಪೂರ, ಲವಂಗ, ಓಮ ಬಟ್ಟೇಲಿ ಗಂಟು ಕಟ್ಟಿ ಮೂಸಿದ್ರೆ ಆಕ್ಸಿಜನ್ ಏರುತ್ತಂತೆ 🙏

ಡಾಕ್ಟರ್: ಏರಲ್ಲ. ಮೂಗು ತಣ್ಣಗಾಗಿ ಉಸಿರು ಸಲೀಸಾದ ಹಾಗನ್ನಿಸುತ್ತೆ, ಅಷ್ಟೆ. ಅದನ್ನೇ ನಂಬಿ ಕೂತರೆ ಕೆಳಗಿಳಿಯೋದು ತಡವಾಗುತ್ತೆ. ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತೆ.

ಗಿರೀಶ: ಹೋದ ವರ್ಷ ಮನಾಲಿಯಿಂದ ಹೋಗಿ ಸರ್ಚುನಲ್ಲಿ ರಾತ್ರಿ ಅಣ್ಣಂಗೆ ಕೆಮ್ಮು, ಮಲಗಿದ್ರೂ ಏದುಸಿರು. ಡಿಸ್ಚಾರ್ಜ್ ಕಾರ್ಡಲ್ಲಿ 'ಹೇಪ್' ಅಂತಿದೆ. ಬಿಪಿಗೆ ಆಮ್ಲೋಡಿಪಿನ್ ತಗೋತಾರೆ. ಈ ಸಲ ಇನ್ನೂ ಎತ್ತರದ ಪಾಸ್ (ಬೆಟ್ಟ ದಾಟೋ ದಾರಿ) ಉಮ್ಲಿಂಗ್ ಲಾಗೆ ಹೋಗ್ಬೇಕು ಅಂತ ಹಟ.

ಡಾಕ್ಟರ್: ಗಿರೀಶ್, ಇದನ್ನ ಹಗುರವಾಗಿ ತಗೋಬೇಡಿ. ಹೇಪ್ ಅಂದರೆ ಶ್ವಾಸಕೋಶಕ್ಕೆ ನೀರು ತುಂಬೋದು. ಆಮ್ಲಜನಕ ಕಡಿಮೆಯಾದಾಗ ಅಲ್ಲಿನ ರಕ್ತನಾಳ ಬಿಗಿದು, ಒತ್ತಡ ಏರಿ, ನೀರು ಜಿನುಗುತ್ತೆ. ಒಮ್ಮೆ ಆದವರಿಗೆ ಅಷ್ಟೇ ವೇಗದಲ್ಲಿ ಹತ್ತಿದರೆ ಮತ್ತೆ ಆಗುವ ಸಾಧ್ಯತೆ ಬಹಳ. ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಹೃದಯದಲ್ಲಿ ತೂತು, ಶ್ವಾಸಕೋಶದ ಒತ್ತಡ ಇದೆಯಾ ನೋಡಲಿ. ಇದನ್ನ ತಡೆಯೋಕೆ ಡೈಯಾಮಾಕ್ಸ್ ಒಂದನ್ನೇ ನೆಚ್ಚಬೇಡಿ. ಸಾಮಾನ್ಯವಾಗಿ ಕೊಡೋದು ನಿಧಾನವಾಗಿ ಕರಗುವ ನಿಫೆಡಿಪಿನ್, 30 ಮಿ.ಗ್ರಾಂ 12 ಗಂಟೆಗೊಮ್ಮೆ. ಆದರೆ ಅದೂ ಆಮ್ಲೋಡಿಪಿನ್ನೂ ಒಂದೇ ಜಾತಿ. ತಾವೇ ಎರಡೂ ನುಂಗಿದರೆ ಬಿಪಿ ಕುಸಿಯುತ್ತೆ. ಫಿಸಿಶಿಯನ್ನೇ ಬದಲಿಸಿ ಕೊಡಬೇಕು.

ಮನಾಲಿ ದಾರಿ ಬೇಡವೇ ಬೇಡ. ಸರ್ಚು 4,290 ಮೀಟರ್, ಎರಡೂ ಕಡೆ ಪಾಸ್. ಕೆಳಗಿಳಿಯಬೇಕಂದ್ರೂ ಮೊದಲು ಬಾರಾಲಾಚಾ ಪಾಸ್ ಹತ್ತಬೇಕು. ಶ್ರೀನಗರದಿಂದ ಬಂದು ಕಾರ್ಗಿಲ್‌ನಲ್ಲಿ (ಸುಮಾರು 2,700) ರಾತ್ರಿ ಉಳಿಯಿರಿ. 3,000 ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಏರದಿರಲಿ. ಸುಮ್ಮನೆ ಕೂತಾಗ ಏದುಸಿರು ಅಂದರೆ ಅದೇ ರಾತ್ರಿ ಆಕ್ಸಿಜನ್ ಹಾಕಿ ಇಳಿಸಿ, ಬೆಳಕಾಗಲಿ ಅಂತ ಕಾಯಬೇಡಿ. ಉಮ್ಲಿಂಗ್ ಲಾ ಬಿಟ್ಟುಬಿಡಿ.

ರವಿ: ಖಾರ್ದುಂಗ್ ಲಾ ಸಾಕಲ್ವಾ, 18,380 ಅಡಿ.

ನವೀನ: ಅದು ಬೋರ್ಡಿನ ಲೆಕ್ಕ. ಅಳತೆ 5,359 ಮೀಟರ್, 17,582 ಅಡಿ.

ರವಿ: ಬೋರ್ಡ್ ಹಾಕಿದೋರು ದಡ್ಡರಾ?

ನವೀನ: ಜಿಪಿಎಸ್ ಇಟ್ಕೊಂಡು ಹೋಗಿ, ತಾನೇ ಗೊತ್ತಾಗುತ್ತೆ.

ಶ್ವೇತಾ: ಪ್ರಿಪೇಯ್ಡ್ ಸಿಮ್ ಕೆಲಸ ಮಾಡುತ್ತಾ?

ರವಿ: ಎಲ್ಲಾ ತಿಳಿದೋರ ಥರ ಮಾತಾಡ್ಬೇಡಿ ನವೀನ್.

ನವೀನ: ಗೊತ್ತಿರೋದನ್ನ ಹೇಳಿದೆ. ಬೇಡ ಅಂದ್ರೆ ಬಿಡಿ.

ಸುರೇಶ: ಡೈಯಾಮಾಕ್ಸ್ ಡೋಸ್ ಎಷ್ಟು ಸಾರ್?

ಡಾಕ್ಟರ್: ಮೇಲೆ ಓದಿ.

ಲತಾ: ನಾಲ್ಕು ವರ್ಷದ ಮಗು, ನೆಗಡಿ ಇದೆ. ನಾಳೆ ಫ್ಲೈಟ್.

ಡಾಕ್ಟರ್: ಮುಂದಕ್ಕೆ ಹಾಕಿ ಮೇಡಂ. ನೆಗಡಿ ಇದ್ದರೆ ಹೇಪ್ ಅಪಾಯ ಹೆಚ್ಚು, ಅಷ್ಟು ಚಿಕ್ಕ ಮಗುವಿಗೆ ಏನಾಗ್ತಿದೆ ಅಂತ ಹೇಳೋಕೂ ಬರಲ್ಲ.

ಲತಾ: ಟಿಕೆಟ್ ರೀಫಂಡ್ ಆಗಲ್ಲ...

ಪ್ರಶಾಂತ: ಮೇಡಂ, ಬೆಳ್ಳುಳ್ಳಿ ಹಾಲು ಕೊಡಿ, ನಮ್ಮ ಗ್ರೂಪಲ್ಲಿ ಎಲ್ರೂ...

ಡಾಕ್ಟರ್: ಪ್ರಶಾಂತ್, ಸಾಕು. ಲತಾ ಮೇಡಂ, ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ರವಿ: ಬೋರ್ಡಿನ ಫೋಟೋ ಹಾಕ್ತೀನಿ ಇರಿ ನವೀನ್.